ಮೈ ಬಂದಿತೋ, ನೀರು ಬಂದಿತೋ

ನಾನು ಚಿಕ್ಕವಳಾಗಿದ್ದಾಗ ರೈಲು ನಿಲ್ದಾಣಗಳಲ್ಲಿ ತೂಕದ ಯಂತ್ರಗಳಿರುತ್ತಿದ್ದವು. ಬಣ್ಣಬಣ್ಣದ ದೀಪಗಳು ಮಿನುಗುವ ಆ ಪೆಟ್ಟಿಗೆಯ ಮೇಲೆ ನಿಂತು ನಾಣ್ಯವೊಂದನ್ನು ಹಾಕಿದರೆ, ಒಳಗೆ ಏನೋ ಗಡಗಡನೆ ತಿರುಗಿ, ದಪ್ಪ ಕಾಗದದ ಚೀಟಿಯೊಂದು ಹೊರಗೆ ಬೀಳುತ್ತಿದ್ದಿತು. ಅದರಲ್ಲಿ ತೂಕವೂ ಇರುತ್ತಿದ್ದಿತು, ಭವಿಷ್ಯವೂ ಇರುತ್ತಿದ್ದಿತು. ನನ್ನ ತಂದೆಯವರು ತೂಕದ ಅಂಕೆಯ ಕಡೆಗೆ ಕಣ್ಣನ್ನೂ ಹಾಯಿಸದೆ ಭವಿಷ್ಯವನ್ನಷ್ಟೇ ಗಟ್ಟಿಯಾಗಿ ಓದಿ, ನಕ್ಕು, ಚೀಟಿಯನ್ನು ಜೇಬಿಗೆ ಸೇರಿಸುತ್ತಿದ್ದರು. ಆ ಅಂಕೆಯೂ ಭವಿಷ್ಯದ ಮಾತನ್ನೇ ಆಡುತ್ತಿರಬಹುದೆಂಬ ಸಂದೇಹ ನಮಗಾರಿಗೂ ಬರಲಿಲ್ಲ. ನನಗೆ ಅದು ಬಂದದ್ದು ನಲವತ್ತಾರನೆಯ ವರ್ಷದಲ್ಲಿ.

ನಮ್ಮ ಮನೆ ಇರುವುದು ನಾಗಸಂದ್ರದಲ್ಲಿ. ಬಸವನಗುಡಿಯ ನಾಗಸಂದ್ರ ವೃತ್ತವೆಂದು ಭಾವಿಸಿ ಅಲ್ಲಿಗೆ ಹೋಗಿ ಫೋನು ಮಾಡುವ ನೆಂಟರು ಈಗಲೂ ಉಂಟು. ನಮ್ಮದು ತುಮಕೂರು ರಸ್ತೆಯ ನಾಗಸಂದ್ರ, ಪೀಣ್ಯದಿಂದಾಚೆಗಿನದು. ‘ಸಂದ್ರ’ವೆಂಬುದು ‘ಸಮುದ್ರ’ವು ಜನರ ಬಾಯಲ್ಲಿ ಸವೆದು ಉಳಿದ ರೂಪವೆಂದು ತರಗತಿಯಲ್ಲಿ ಪ್ರತಿವರ್ಷವೂ ಹೇಳುತ್ತೇನೆ. ಒಂದು ಕೆರೆಯನ್ನು ಕಟ್ಟಿ ಅದಕ್ಕೆ ಸಮುದ್ರವೆಂದು ಹೆಸರಿಟ್ಟ ಹಿರಿಯರ ಉದಾರ ಮನಸ್ಸನ್ನು ಹುಡುಗರು ಮೆಚ್ಚುತ್ತಾರೆ. ಈ ಊರಿಗೆ ೨೦೧೫ರ ಮೇ ೧ರಂದು ಮೆಟ್ರೊ ರೈಲು ಬಂದಿತು. ಒಂಬತ್ತು ವರ್ಷಕ್ಕೂ ಮಿಗಿಲಾಗಿ ಹಸಿರು ಮಾರ್ಗದ ಕೊನೆಯ ನಿಲ್ದಾಣವೆಂಬ ಪದವಿಯನ್ನು ಅನುಭವಿಸಿ, ೨೦೨೪ರ ನವೆಂಬರಿನಲ್ಲಿ ಅದನ್ನು ಮಾದಾವರಕ್ಕೆ ಬಿಟ್ಟುಕೊಟ್ಟಿತು. ನಾನು ದಿನವೂ ಕಾಲೇಜಿಗೆ ಹೋಗುವುದು ಈ ರೈಲಿನಲ್ಲಿಯೇ. ನಿಲ್ದಾಣದ ಮೆಟ್ಟಿಲುಗಳು ನನ್ನ ಪಾಲಿಗೆ ವೈದ್ಯರ ಮೊದಲನೆಯ ಪರೀಕ್ಷೆಯಾದುವೆಂಬುದನ್ನು ಹೇಳುವುದಕ್ಕಾಗಿ ಇಷ್ಟು ಪೀಠಿಕೆ.

ಒಂದು ದಸರಾ ರಜೆ ಮುಗಿದು ಕಾಲೇಜು ತೆರೆದಾಗ ನನ್ನ ತೂಕ ೫೯ ಕಿಲೋ ಇದ್ದಿತು. ಮುಂದಿನ ಯುಗಾದಿ ಕಳೆಯುವ ವೇಳೆಗೆ ೬೭ ಆಯಿತು. ಊಟದಲ್ಲಿ ಹೆಚ್ಚಿಗೆ ಮಾಡಿದ್ದೇನೂ ಇಲ್ಲ. ಇರುವ ಹಸಿವೆಯೂ ಕುಗ್ಗಿದ್ದಿತು. ರವಿಕೆಗಳ ಹೊಲಿಗೆಯನ್ನು ಎರಡು ಬಾರಿ ಬಿಚ್ಚಿಸಿದೆ. ಬೆರಳಿನ ಉಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಇಷ್ಟಾದರೂ ಯಾರೂ ಇದನ್ನು ಕಾಯಿಲೆಯೆನ್ನಲಿಲ್ಲ, ನಾನೂ ಎನ್ನಲಿಲ್ಲ. ನನ್ನ ತಾಯಿ, ‘ಈಗ ಕಣೇ ನೀನು ಮೈ ಕೈ ತುಂಬಿಕೊಂಡು ಲಕ್ಷಣವಾಗಿರುವುದು’ ಎಂದು ಸಂತೋಷಪಟ್ಟರು. ಯಜಮಾನರು, ‘ವಯಸ್ಸಾಗುತ್ತಾ ಬಂದಿತು, ಇನ್ನೇನು’ ಎಂದರು, ಅವರಿಗೆ ಐವತ್ತೊಂದು. ಅಧ್ಯಾಪಕರ ಕೊಠಡಿಯಲ್ಲಿ ಸಹೋದ್ಯೋಗಿನಿಯೊಬ್ಬರು ಬೆಳಿಗ್ಗೆ ಕುಡಿಯಲು ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪಗಳ ವಿಧಾನವನ್ನು ಬರೆದುಕೊಟ್ಟರು.

ನಮ್ಮ ಭಾಷೆಯೂ ಈ ಮರೆವಿಗೆ ಸಹಾಯಮಾಡುತ್ತದೆಯೆಂದು ನನಗೆ ಆಮೇಲೆ ತೋರಿತು. ಕನ್ನಡದಲ್ಲಿ ಮೈ ‘ಬರುತ್ತದೆ’. ಮಳೆ ಬಂದಂತೆ, ನೆಂಟರು ಬಂದಂತೆ, ಬರಬೇಕಾದದ್ದು ಬಂದಂತೆ. ಬಡತನವನ್ನೂ ಕ್ಷಾಮವನ್ನೂ ಕಂಡ ಜನರು ಮೈ ಬಂದುದನ್ನು ಸೌಭಾಗ್ಯವೆಂದು ಎಣಿಸಿದುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಭಾಷೆಯಲ್ಲಿ ‘ಊತ’, ‘ಬಾವು’ ಎಂಬ ಮಾತುಗಳೂ ಇವೆ. ‘ಬೊಜ್ಜು’ ಬೇರೆ, ‘ಊದಿದ ಮುಖ’ ಬೇರೆ ಎಂಬ ವಿವೇಕವೂ ಇದೆ. ಹಳಬರಿಗೆ ಈ ಭೇದ ಗೊತ್ತಿದ್ದಿತು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ನಿಂದಿತರಾದ ಎಂಟು ಬಗೆಯ ಶರೀರದವರನ್ನು ಹೆಸರಿಸಿ, ಅವರಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ವಿಶೇಷವಾಗಿ ವಿಚಾರಿಸುತ್ತದೆ. ಶೋಥವೆಂಬ ಊತದ ವಿಚಾರವನ್ನು ಬೇರೆಯಾಗಿಯೇ ಇಟ್ಟಿದೆ. ನಾವೀಗ ಎರಡನ್ನೂ ಕೂಡಿಸಿ ‘ದಪ್ಪಗಾಗಿದ್ದಾರೆ’ ಎಂದುಬಿಡುತ್ತೇವೆ.

ನಾನು ಅನ್ನವನ್ನು ಬಿಟ್ಟೆ. ರಾಗಿ ಅಂಬಲಿ, ಸೌತೆಕಾಯಿ, ಮಜ್ಜಿಗೆಗಳಿಂದ ಎರಡು ತಿಂಗಳು ಕಳೆದೆ. ಸಂಜೆ ನಡೆಯಲು ಹೊರಟರೆ ಕಾಲು ಸೀಸದಂತೆ ಭಾರ. ತೂಕ ಇಳಿಯುವುದಿರಲಿ, ಇನ್ನೂ ಅರ್ಧ ಕಿಲೋ ಏರಿತು. ಆಗಲೇ ನಾನು ಎಚ್ಚರಗೊಳ್ಳಬೇಕಾಗಿದ್ದಿತು. ಊಟ, ನಡಿಗೆ, ನಿದ್ರೆ ಇವುಗಳಲ್ಲಿ ಏನೊಂದೂ ಬದಲಾಗದಿರುವಾಗ ತೂಕ ತಿಂಗಳು ತಿಂಗಳೂ ಏರುತ್ತ ಹೋದರೆ, ಕಟ್ಟುನಿಟ್ಟು ಮಾಡಿದ ಮೇಲೂ ಏರಿದರೆ, ಲೆಕ್ಕದಲ್ಲಿ ಎಲ್ಲಿಯೋ ನಾವು ಕಾಣದ ಒಂದು ಬಾಬತ್ತಿದೆಯೆಂದೇ ಅರ್ಥ. ನಾನಾದರೋ ನನ್ನ ಸಂಕಲ್ಪದ ದೌರ್ಬಲ್ಯವೆಂದು ಬಗೆದು ನನ್ನನ್ನೇ ಬೈದುಕೊಂಡೆ.

ಎಚ್ಚರಿಸಿದ್ದು ತೂಕವಲ್ಲ, ದನಿ. ಹಳಗನ್ನಡ ಕಾವ್ಯವನ್ನು ಓದಿ ಹೇಳುವ ಕೆಲಸ ನನ್ನದು. ಆ ಪದ್ಯಗಳನ್ನು ಕಣ್ಣಿನಿಂದ ಓದಿದರೆ ಸಾಲದು. ಗಟ್ಟಿಯಾಗಿ ಓದಿದಾಗಲೇ ಕಂದವು ಕಂದವಾಗುವುದು. ಒಂದು ದಿನ ಪಂಪನನ್ನು ಓದುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮೇಡಂ, ಕೇಳಿಸುತ್ತಿಲ್ಲ’ ಎಂದಳು. ದನಿಯೆತ್ತಿದೆ, ಗೊಗ್ಗರಾಗಿ, ಗಂಡುದನಿಯಂತೆ ಹೊರಟಿತು. ನೆಗಡಿಯೆಂದೆ. ನೆಗಡಿ ಮೂರು ತಿಂಗಳು ಹೋಗಲಿಲ್ಲ. ಅದಕ್ಕಿಂತ ಭಯವಾದದ್ದು ಇನ್ನೊಂದು ದಿನ. ಹದಿನೈದು ವರ್ಷಗಳಿಂದ ಪುಸ್ತಕ ತೆರೆಯದೆ ಹೇಳುತ್ತಿದ್ದ ಪದ್ಯವೊಂದು ಮೂರನೆಯ ಪಾದದಲ್ಲಿ ನಿಂತುಹೋಯಿತು. ಎಪ್ಪತ್ತು ಮಕ್ಕಳ ಮುಂದೆ ಬಾಯಿ ತೆರೆದು ನಿಂತಿದ್ದೆ. ಮುಂದಿನ ಮಾತು ಎಲ್ಲಿಯೋ ಇದೆ, ಬರುತ್ತಿಲ್ಲ. ನನ್ನ ಸೋದರತ್ತೆಯೊಬ್ಬರು ಕಡೆಯ ವರ್ಷಗಳಲ್ಲಿ ಮಕ್ಕಳ ಹೆಸರನ್ನೇ ಮರೆತಿದ್ದರು. ಆ ರಾತ್ರಿ ನಾನು ನಿದ್ರೆ ಮಾಡಲಿಲ್ಲ. ಯಜಮಾನರಿಗೂ ಹೇಳಲಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಾನು ಸ್ವೆಟರು ಹಾಕಿಕೊಂಡು ಮಲಗಿದ್ದೆನೆಂಬುದನ್ನು ಮಾತ್ರ ಅವರು ಗಮನಿಸಿ ನಕ್ಕರು.

ಮೊದಲು ಕಂಡ ವೈದ್ಯರು ಎರಡು ನಿಮಿಷ ಮಾತನಾಡಿ, ‘ಊಟ ಕಡಮೆ ಮಾಡಿ, ವಾಕಿಂಗ್ ಮಾಡಿ, ಈ ವಯಸ್ಸಿನಲ್ಲಿ ಎಲ್ಲರಿಗೂ ಇದ್ದದ್ದೇ’ ಎಂದು ಜೀವಸತ್ತ್ವದ ಮಾತ್ರೆ ಬರೆದರು. ಅವರನ್ನು ದೂರುವುದಿಲ್ಲ. ನಾನು ಅವರಿಗೆ ಹೇಳಿದ್ದು ತೂಕವೊಂದನ್ನೇ. ದನಿಯನ್ನು ಹೇಳಲಿಲ್ಲ, ಚಳಿಯನ್ನು ಹೇಳಲಿಲ್ಲ, ಮರೆತುಹೋದ ಪಾದವನ್ನಂತೂ ನಾಚಿಕೆಯಿಂದ ನುಂಗಿಕೊಂಡಿದ್ದೆ. ವೈದ್ಯರ ಬಳಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಹೋಗಬೇಕೆಂಬುದು ನಾನು ದಂಡ ತೆತ್ತು ಕಲಿತ ಪಾಠ: ಯಾವ ತಿಂಗಳಿಂದ, ಎಷ್ಟು ಕಿಲೋ, ಅದರ ಜೊತೆಗೆ ಮತ್ತೇನೇನು, ಯಾವ ಯಾವ ಮಾತ್ರೆಗಳು. ತಿಂಗಳ ಅಂತರದಲ್ಲಿ ಬಂದ ಎರಡು ಸಂಗತಿಗಳು ಒಂದೇ ಬೇರಿನವೆಂದು ರೋಗಿಗೆ ಹೊಳೆಯುವುದಿಲ್ಲ. ಮಲಬದ್ಧತೆಗೆ ಬಾಳೆಹಣ್ಣು, ಕೂದಲು ಉದುರುವುದಕ್ಕೆ ಎಣ್ಣೆ, ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ, ದನಿಗೆ ಜೇಷ್ಠಮಧು ಎಂದು ನಾನು ನಾಲ್ಕು ಕಾಯಿಲೆಗಳಿಗೆ ನಾಲ್ಕು ಚಿಕಿತ್ಸೆ ನಡೆಸಿದ್ದೆ.

ಎರಡನೆಯ ವೈದ್ಯೆ ನಾನು ಏನು ತಿನ್ನುವೆನೆಂಬುದನ್ನು ಕಡೆಯಲ್ಲಿ ಕೇಳಿದರು. ಮೊದಲು ಕೇಳಿದ್ದು ಚಳಿಯಾಗುವುದೇ, ಮುಟ್ಟು ಹೇಗಿದೆ, ಮಲವಿಸರ್ಜನೆ ಹೇಗಿದೆ, ಮನೆಯಲ್ಲಿ ಯಾರಿಗಾದರೂ ಕುತ್ತಿಗೆಯ ಗ್ರಂಥಿಯ ತೊಂದರೆಯಿತ್ತೇ ಎಂದು. ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಮಂಡಿಯೂರಿ ಕುಳ್ಳಿರಿಸಿ, ಹಿಮ್ಮಡಿಯ ಮೇಲಿನ ನರದ ಹುರಿಗೆ ಪುಟ್ಟ ರಬ್ಬರು ಸುತ್ತಿಗೆಯಿಂದ ಒಂದು ಏಟು ಹಾಕಿದರು. ಪಾದ ಚಕ್ಕನೆ ಅಲುಗಿತು. ಆದರೆ ಹಿಂದಕ್ಕೆ ಬರುವಾಗ ಸೋಮಾರಿಯಂತೆ ಮೆಲ್ಲಮೆಲ್ಲನೆ ಬಂದಿತು. ‘ನಿಮ್ಮ ಕಾಲು ನನಗೆ ಉತ್ತರ ಹೇಳಿಬಿಟ್ಟಿತು. ಆದರೂ ರಕ್ತ ಪರೀಕ್ಷೆ ಮಾಡಿಸೋಣ’ ಎಂದರು. ಟಿ.ಎಸ್.ಎಚ್. ಎಂಬ ಅಂಕೆ ಸಾಧಾರಣವಾಗಿ ೪ರ ಆಸುಪಾಸಿಗೆ ಮೇಲೆ ಹೋಗಬಾರದು, ನನ್ನದು ೫೮.

ಕುತ್ತಿಗೆಯಲ್ಲಿ, ದನಿಪೆಟ್ಟಿಗೆಯ ಕೆಳಗಡೆಗೆ, ಚಿಟ್ಟೆಯ ಆಕಾರದ ಗ್ರಂಥಿಯೊಂದಿದೆ. ಥೈರಾಯ್ಡ್ ಎಂಬುದು ಗ್ರೀಕರ ಗುರಾಣಿಯ ಹೆಸರಿನಿಂದ ಬಂದ ಮಾತಾದ್ದರಿಂದ ಕನ್ನಡದ ವೈದ್ಯಗ್ರಂಥಗಳಲ್ಲಿ ಇದನ್ನು ಗುರಾಣಿಕ ಗ್ರಂಥಿಯೆಂದು ಬರೆದಿರುವುದುಂಟು. ದೇಹದ ಒಲೆಯ ಉರಿಯನ್ನು ಏರಿಸಿ ಇಳಿಸುವ ರಸವು ಇದರಲ್ಲಿ ಹುಟ್ಟುತ್ತದೆ. ಅದು ಕಡಮೆಯಾದರೆ ಹೃದಯದ ಬಡಿತ, ಕರುಳಿನ ಚಲನೆ, ಬುದ್ಧಿಯ ಓಟ ಎಲ್ಲವೂ ನಿಧಾನ. ಟಿ.ಎಸ್.ಎಚ್. ಎಂಬುದು ಈ ಗ್ರಂಥಿಯ ರಸವಲ್ಲ. ಮೆದುಳಿನ ಬುಡದಲ್ಲಿರುವ ಇನ್ನೊಂದು ಗ್ರಂಥಿಯು ಇದಕ್ಕೆ ಕಳುಹಿಸುವ ಆಜ್ಞೆ. ನಮ್ಮ ಪೀಣ್ಯದ ಕಾರ್ಖಾನೆಯ ಮಾತಿನಲ್ಲಿ ಹೇಳುವುದಾದರೆ, ಕೆಲಸಗಾರನು ನಿಧಾನವಾದಷ್ಟೂ ಮೇಲ್ವಿಚಾರಕನ ಕೂಗು ಜೋರಾಗುತ್ತದೆ. ಕೂಗನ್ನು ಅಳೆದರೆ ಕೆಲಸಗಾರನ ಸ್ಥಿತಿ ತಿಳಿಯುವುದು. ೫೮ ಎಂದರೆ ಮೇಲ್ವಿಚಾರಕನ ಗಂಟಲು ಹರಿಯುವಷ್ಟು ಕೂಗು.

ಅಯೋಡಿನ್ ಸಾಲದಿರುವುದರಿಂದಲೂ ಈ ಗ್ರಂಥಿ ಕೆಡುವುದುಂಟು. ೧೯೫೬ರಲ್ಲಿ ಮೊದಲಾಗಿ ಡಾ|| ವಿ. ರಾಮಲಿಂಗಸ್ವಾಮಿಯವರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಸೇರಿಸಿದ ಉಪ್ಪನ್ನು ಕೊಟ್ಟು ಗಳಗಂಡವು ಇಳಿಯುವುದನ್ನು ತೋರಿಸಿದರು. ೧೯೬೨ರಲ್ಲಿ ಸರಕಾರದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಆದರೆ ಇಂದಿನ ಬೆಂಗಳೂರಿನಲ್ಲಿ ನನ್ನಂಥವರ ಕಾಯಿಲೆಗೆ ಸಾಮಾನ್ಯವಾಗಿ ಉಪ್ಪು ಕಾರಣವಲ್ಲ. ದೇಹದ ಕಾವಲುಪಡೆ ತನ್ನ ಮನೆಯ ಗ್ರಂಥಿಯನ್ನೇ ಶತ್ರುವೆಂದು ತಿಳಿದು ಹೊಡೆಯುವುದರಿಂದ ಬರುವ ಬಗೆ ಇದು. ೧೯೧೨ರಲ್ಲಿ ಇದನ್ನು ವಿವರಿಸಿದ ಜಪಾನಿನ ಹಾಶಿಮೊಟೊ ಅವರ ಹೆಸರಿನಿಂದ ಕರೆಯುತ್ತಾರೆ. ಹೆಚ್ಚು ಉಪ್ಪು ತಿಂದರೆ ವಾಸಿಯಾಗುವುದಿಲ್ಲ.

ಕಾಯಿಲೆಯ ಚರಿತ್ರೆಯನ್ನು ಓದುವುದು ಅಧ್ಯಾಪಕರ ಚಾಳಿ. ವಯಸ್ಕ ಸ್ತ್ರೀಯರಲ್ಲಿ ಮುಖ ಊದಿ ಬುದ್ಧಿ ಮಂದವಾಗುವ ಈ ಸ್ಥಿತಿಯನ್ನು ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ೧೮೭೩ರಲ್ಲಿ ವರ್ಣಿಸಿದರು. ಔಷಧವಿರಲಿಲ್ಲ. ೧೮೯೧ರಲ್ಲಿ ನ್ಯೂಕ್ಯಾಸಲ್ ಪಟ್ಟಣದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯರು ಕುರಿಯ ಗ್ರಂಥಿಯ ರಸವನ್ನು ತೆಗೆದು ರೋಗಿಯೊಬ್ಬಳಿಗೆ ಚುಚ್ಚಿದರು. ಆಕೆಗೆ ಆಗ ನಲವತ್ತಾರು ವರ್ಷ. ಕೆಲವೇ ತಿಂಗಳಲ್ಲಿ ಅವಳ ಮುಖದ ಊತ ಇಳಿಯಿತು, ಮಾತು ಚುರುಕಾಯಿತು, ನಡಿಗೆ ಹಗುರವಾಯಿತು. ಮುಂದೆ ಆಕೆ ಇಪ್ಪತ್ತೆಂಟು ವರ್ಷ ಬದುಕಿ ೧೯೧೯ರಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳ ಔಷಧಕ್ಕೆ ೮೭೦ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದುವಂತೆ. ನನ್ನ ವಯಸ್ಸಿನ ಆ ಅಪರಿಚಿತ ಹೆಂಗಸನ್ನು ನಾನು ಪ್ರತಿದಿನ ಬೆಳಿಗ್ಗೆ ನೆನೆಯುತ್ತೇನೆ. ನನಗೆ ಬೇಕಾಗಿರುವುದು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿಯ ಮಾತ್ರೆ ಒಂದೇ. ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನು ಮುಟ್ಟದೆ ಕಾಯಬೇಕು. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆಯ ಅಂತರ. ಬೆಳಗಿನ ಕಾಫಿಗಾಗಿ ಕಾಯುವ ಆ ಅರ್ಧ ಗಂಟೆಯೇ ಈ ಕಾಯಿಲೆಯ ಅತ್ಯಂತ ಕಠಿಣವಾದ ಭಾಗವೆಂದು ಹೇಳಿದರೆ ಮೈಸೂರು ಸೀಮೆಯವರು ನಂಬುವರು.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನು ಮಾಡಿದ ತಪ್ಪನ್ನು ಹೇಳಬೇಕು. ನಮ್ಮ ಬೀದಿಯ ಮೂರನೆಯ ಮನೆಯ ಯಜಮಾನರು ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ದುಡಿದು ನಿವೃತ್ತರಾದವರು. ಹಿಂದಿನ ವರ್ಷ ಕಾಯಿಲೆ ಬಿದ್ದು ಸೊರಗಿದ್ದರು. ಒಂದು ಸಂಜೆ ಗೇಟಿನ ಬಳಿ ನಿಂತಿದ್ದಾಗ ಮುಖ ತುಂಬಿಕೊಂಡಂತೆ ಕಂಡಿತು. ‘ಈಗ ಚೆನ್ನಾಗಿ ಮೈ ಬಂದಿದೆ, ಬಿಡಿ’ ಎಂದೆ. ಅವರಿಗೆ ಸಂತೋಷವಾಯಿತು. ‘ಹೌದು ಮೇಷ್ಟ್ರಮ್ಮ, ಎಂಟು ದಿನದಲ್ಲಿ ನಾಲ್ಕು ಕೆ.ಜಿ. ಏರಿದೀನಿ’ ಎಂದರು. ನಾನು ನಕ್ಕು ಒಳಗೆ ಬಂದೆ.

ಎಂಟು ದಿನಕ್ಕೆ ನಾಲ್ಕು ಕಿಲೋ! ಅನ್ನದಿಂದ ಹಾಗೆ ಮೈ ಬರುವುದು ಸಾಧ್ಯವೇ ಇಲ್ಲವೆಂಬ ಗಣಿತ ನನಗೆ ಮೂರು ದಿನ ಹೊಳೆಯಲಿಲ್ಲ. ಮೂರನೆಯ ದಿನ ಅವರ ಹೆಂಡತಿ ಸೊಪ್ಪು ಕೊಳ್ಳುವಾಗ, ‘ಊಟಾನೇ ಸೇರಲ್ಲಮ್ಮ. ರಾತ್ರಿ ಮಲಗಿದರೆ ಉಬ್ಬಸ, ಕುರ್ಚೀಲೇ ಕೂತು ಬೆಳಗು ಮಾಡ್ತಾರೆ’ ಎಂದರು. ನಾನು ಸೊಪ್ಪನ್ನು ಅಲ್ಲಿಯೇ ಬಿಟ್ಟು ಅವರ ಮನೆಗೆ ಹೋದೆ. ಚಪ್ಪಲಿಯ ಪಟ್ಟಿ ಪಾದದಲ್ಲಿ ಗೆರೆ ಕೊರೆದಿದ್ದಿತು. ಮೊಳಕಾಲಿನ ಕೆಳಗಣ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದೆ. ಹಸಿ ಮಣ್ಣಿನಲ್ಲಿ ಒತ್ತಿದಂತೆ ಗುಳಿ ಬಿದ್ದು ಹಾಗೆಯೇ ನಿಂತಿತು. ಅಂದೇ ರಾತ್ರಿ ಮಗ ಆಸ್ಪತ್ರೆಗೆ ಸೇರಿಸಿದನು. ಹೃದಯವು ರಕ್ತವನ್ನು ತಳ್ಳಲಾರದೆ ಸೋತು, ನೀರು ಕಾಲಿನಲ್ಲಿಯೂ ಶ್ವಾಸಕೋಶದಲ್ಲಿಯೂ ನಿಂತಿದ್ದಿತು. ನೀರಿಳಿಸುವ ಔಷಧದಿಂದ ಐದು ದಿನಗಳಲ್ಲಿ ಐದು ಕಿಲೋ ಮೂತ್ರವಾಗಿ ಹೋಯಿತು. ನಾನು ಕಂಡು ಕೊಂಡಾಡಿದ ಮೈ ಅದು.

ಆದುದರಿಂದ ಕಾಲದ ಲೆಕ್ಕವನ್ನು ಮೊದಲು ನೋಡಬೇಕೆಂದು ನನ್ನ ವೈದ್ಯೆ ಹೇಳುತ್ತಾರೆ. ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆಯಾಗುವುದು ಆರೋಗ್ಯವಂತರಲ್ಲಿಯೂ ಉಂಟು. ಮದುವೆ ಮನೆಯ ಹಪ್ಪಳ ಉಪ್ಪಿನಕಾಯಿಯ ಮಾರನೆಯ ದಿನ, ಮುಟ್ಟಿನ ಮುಂಚೆ, ಇನ್ನೂ ಹೆಚ್ಚು. ಆದ್ದರಿಂದ ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಅದೇ ಯಂತ್ರದ ಮೇಲೆಯೇ ನಿಲ್ಲಬೇಕು. ಹೃದ್ರೋಗವಿದ್ದವರು ಒಂದು ದಿನದಲ್ಲಿ ಒಂದು ಕಿಲೋವಿಗಿಂತ ಹೆಚ್ಚು, ಅಥವಾ ವಾರದಲ್ಲಿ ಎರಡು ಕಿಲೋವಿಗಿಂತ ಹೆಚ್ಚು ಏರಿದರೆ ಮುಂದಿನ ಭೇಟಿಯ ತಾರೀಖಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಉಬ್ಬಸ, ಎದೆನೋವು, ಮಲಗಲಾರದಿರುವಿಕೆ ಸೇರಿದರೆ ಆ ಗಳಿಗೆಯೇ ಆಸ್ಪತ್ರೆ. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿ ಮೂತ್ರದಲ್ಲಿ ನೊರೆ ನಿಂತರೆ ಮೂತ್ರಪಿಂಡದ ಕಡೆಗೆ ಸಂಶಯ. ಕೈಕಾಲು ಒಣಗುತ್ತ ಹೊಟ್ಟೆಯೊಂದೇ ಬೆಳೆದರೆ ಪಿತ್ತಕೋಶ. ಹೆಂಗಸರಲ್ಲಿ ಅಂಡಾಶಯದ ಗಡ್ಡೆಯೂ ಇರಬಹುದು. ಬಸುರಿಯರಿಗೆ ತೂಕವು ಥಟ್ಟನೆ ಏರಿ, ಮುಖ ಕೈ ಊದಿ, ತಲೆನೋವು ಬಂದು ಕಣ್ಣು ಮಂಜಾದರೆ ಅಂದೇ ರಕ್ತದೊತ್ತಡವನ್ನು ನೋಡಿಸಬೇಕು, ನಾಳೆಯೆನ್ನುವಂತಿಲ್ಲ.

ಮಾತ್ರೆಗಳ ವಿಚಾರವನ್ನು ನಮ್ಮವರು ಮರೆಯುತ್ತಾರೆ. ಸಕ್ಕರೆ ಕಾಯಿಲೆಯ ಇನ್ಸುಲಿನ್, ಅದೇ ಕಾಯಿಲೆಯ ಕೆಲವು ಮಾತ್ರೆಗಳು, ಮನೋರೋಗದ ಕೆಲವು ಔಷಧಗಳು, ಮೂರ್ಛೆರೋಗದ ವ್ಯಾಲ್ಪ್ರೋಯೇಟ್ ಇವು ತೂಕವನ್ನು ಏರಿಸಬಲ್ಲವು. ಹಾಗೆಂದು ತಾವಾಗಿಯೇ ನಿಲ್ಲಿಸಿದರೆ ತೂಕಕ್ಕಿಂತ ದೊಡ್ಡ ಅಪಾಯ. ಎಲ್ಲಕ್ಕಿಂತ ನನಗೆ ಭಯವಾಗುವುದು ಹೆಸರು ಚೀಟಿಯಿಲ್ಲದ ಪೊಟ್ಟಣಗಳು. ಮಂಡಿನೋವಿಗೆ, ಉಬ್ಬಸಕ್ಕೆ ಯಾರೋ ಕೊಟ್ಟ ಪುಡಿಯಿಂದ ಮೂರೇ ದಿನದಲ್ಲಿ ಪವಾಡದಂತೆ ಗುಣವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಆಗ ಮುಖ ಚಂದ್ರನಂತೆ ದುಂಡಾಗುತ್ತದೆ, ಕತ್ತಿನ ಹಿಂದೆ ಕೊಬ್ಬಿನ ದಿಬ್ಬವೇಳುತ್ತದೆ, ಹೊಟ್ಟೆಯ ಮೇಲೆ ಅಗಲವಾದ ನೇರಿಳೆ ಗೆರೆಗಳು ಮೂಡುತ್ತವೆ. ತೋಳು ತೊಡೆಗಳು ಮಾತ್ರ ಬಡವಾಗಿ, ಕುಕ್ಕುರುಗಾಲಿನಿಂದ ಏಳಲಾಗುವುದಿಲ್ಲ. ಔಷಧವಿಲ್ಲದೆಯೂ ಗ್ರಂಥಿಯ ಗಡ್ಡೆಯಿಂದ ಇದೇ ರೂಪ ಬರುವುದು ಅಪರೂಪವಾಗಿ ಉಂಟು. ಅಮೆರಿಕದ ಹಾರ್ವಿ ಕುಷಿಂಗ್ ೧೯೧೨ರಲ್ಲಿ ಇಪ್ಪತ್ತಮೂರು ವರ್ಷದ ತರುಣಿಯೊಬ್ಬಳಲ್ಲಿ ಇದನ್ನು ವರ್ಣಿಸಿದರು. ತಿಂಗಳುಗಟ್ಟಲೆ ಸೇವಿಸಿದ ಸ್ಟೀರಾಯ್ಡನ್ನು ಒಮ್ಮೆಗೇ ಬಿಟ್ಟರೆ ಪ್ರಾಣಾಪಾಯವುಂಟು. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು.

ನನ್ನ ತರಗತಿಯ ಹುಡುಗಿಯರ ಮಾತು ಬೇರೆ. ತೂಕ ಏರಿ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆಯಾಗಿ, ಗಲ್ಲದಲ್ಲಿ ಕೂದಲೂ ಮೊಡವೆಯೂ ಕಾಣಿಸಿಕೊಂಡರೆ ಅದನ್ನು ಮದುವೆಯಾದ ಮೇಲೆ ಸರಿಹೋಗುವುದೆಂದು ತಾಯಂದಿರು ಮುಚ್ಚಿಡುತ್ತಾರೆ. ಅಂಡಾಶಯದ ಈ ತೊಂದರೆಗೆ ಮದುವೆ ಔಷಧವಲ್ಲ.

ಗ್ರಂಥಿಯ ಹೆಸರು ಹೇಳಿ ಎಲ್ಲರೂ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಾಗಲಿ ಗಂಡಸರಾಗಲಿ, ಹತ್ತರಲ್ಲಿ ಮೂವರ ತೂಕ ಮಿತಿಮೀರಿದ್ದಿತು. ಅವರಲ್ಲಿ ಬಹುಮಂದಿಗೆ ಕಾರಣ ತಟ್ಟೆ, ಕುರ್ಚಿ, ನಿದ್ರೆಗೆಟ್ಟ ರಾತ್ರಿಗಳು. ನನಗೂ ಅಷ್ಟೆ: ಏರಿದ ಎಂಟೂವರೆ ಕಿಲೋವಿನಲ್ಲಿ ಮಾತ್ರೆಯಿಂದ ಇಳಿದದ್ದು ನಾಲ್ಕು, ಅದೂ ಹೆಚ್ಚಾಗಿ ಉಪ್ಪು ನೀರು. ಉಳಿದ ನಾಲ್ಕೂವರೆಯು ನನ್ನ ಸ್ವಂತ ಸಂಪಾದನೆಯೆಂದು ವೈದ್ಯೆ ಮುಲಾಜಿಲ್ಲದೆ ಹೇಳಿದರು. ಅದರೊಡನೆ ನಿಲ್ದಾಣದ ಮೆಟ್ಟಿಲುಗಳ ಮೇಲೆ ದಿನವೂ ವ್ಯಾಜ್ಯ ನಡೆಸುತ್ತಿದ್ದೇನೆ. ಎಸ್ಕಲೇಟರಿನ ಕಡೆಗೆ ನೋಡುವುದಿಲ್ಲ.

ಮಾತ್ರೆ ತೊಡಗಿ ಏಳನೆಯ ವಾರಕ್ಕೆ ಮತ್ತೆ ರಕ್ತ ಕೊಟ್ಟೆ. ೫೮ ಇದ್ದದ್ದು ೯ಕ್ಕೆ ಇಳಿದಿದ್ದಿತು. ಅದೇ ವಾರ ತರಗತಿಯಲ್ಲಿ ಆ ಪದ್ಯವನ್ನು ಪುಸ್ತಕ ಮುಚ್ಚಿ ಹೇಳಿದೆ. ಮೂರನೆಯ ಪಾದದ ಬಳಿಗೆ ಬಂದಾಗ ಎದೆ ಹೊಡೆದುಕೊಂಡಿತು. ಬಂದಿತು. ಹಿಂದಿನ ಬೆಂಚಿನ ಹುಡುಗಿ ತಲೆಯೆತ್ತಿ ನೋಡಲಿಲ್ಲ, ಬರೆದುಕೊಳ್ಳುತ್ತಿದ್ದಳು.

ಮೂರನೆಯ ಮನೆಯ ಯಜಮಾನರು ಈಗ ಉಪ್ಪು ಕಡಮೆ ಮಾಡಿ, ದಿನವೂ ಬೆಳಿಗ್ಗೆ ತೂಕ ನೋಡಿ ಹಳೆಯ ದಿನಚರಿ ಪುಸ್ತಕವೊಂದರಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾರೆ. ಲೇತಿನ ಮುಂದೆ ಸೂಕ್ಷ್ಮವಾದ ಅಳತೆಗಳನ್ನು ಹಿಡಿದ ಕೈ ಅದು. ನೂರು ಗ್ರಾಮನ್ನೂ ಬಿಡುವುದಿಲ್ಲ. ನಾನು ಮೆಟ್ರೊ ಹಿಡಿಯಲು ಹೊರಟಾಗ ಗೇಟಿನಿಂದಲೇ ಕೂಗಿ ಹೇಳುತ್ತಾರೆ: ‘ಮೇಷ್ಟ್ರಮ್ಮ, ಇವತ್ತು ೬೧ ಪಾಯಿಂಟು ೪!’ ನಿನ್ನೆ ೬೧.೩ ಇದ್ದಿತೆಂದು ನಾನು ನೆನಪಿಟ್ಟುಕೊಂಡು ಹೇಳಬೇಕು. ಹೇಳುತ್ತೇನೆ.